ಸಿನಿಮಾದ ಕೋವಿ ಯಾವ ಕಾಲದ್ದು?

“ಸಾರ್, ‘ಕೆ.ಜಿ.ಎಫ್.’ನಲ್ಲಿ ಬರೋ ಗನ್ನು ನಿಜವಾಗ್ಲೂ ಆ ಕಾಲದಲ್ಲಿ ಇತ್ತಾ?”

ವಿಜ್ಞಾನದ ತರಗತಿಯಲ್ಲಿ ಈ ಪ್ರಶ್ನೆಯನ್ನು ನಾನು ಒಂದಲ್ಲ, ಹತ್ತು ಸಲ ಕೇಳಿಸಿಕೊಂಡಿದ್ದೇನೆ. ಪಾಲಕರಿಗೆ ಇದು ತಲೆಹರಟೆ ಎನಿಸಬಹುದು. ನನಗೆ ಹಾಗೆನಿಸುವುದಿಲ್ಲ. ತೆರೆಯ ಮೇಲೆ ಕಂಡದ್ದನ್ನೆಲ್ಲ ನಂಬದೆ “ಇದು ಸಾಧ್ಯವೇ?” ಎಂದು ಕೇಳಿದ ಹುಡುಗ ಅರ್ಧ ವಿಜ್ಞಾನಿಯಾದ ಹಾಗೆಯೇ. ಉತ್ತರ ಕಂಡುಕೊಳ್ಳಲು ಬಂದೂಕುಗಳ ಹೆಸರನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹೈಸ್ಕೂಲಿನ ರಸಾಯನಶಾಸ್ತ್ರ, ಸ್ವಲ್ಪ ಚರಿತ್ರೆ, ಒಂದು ಕೈಗಡಿಯಾರ ಇದ್ದರೆ ಸಾಕು.

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಬೆಳಕಿಗೆ ತಂದರು. ಬಂಡೆಯ ಮೇಲೆ ನಮ್ಮ ಲೆಕ್ಕದ ಇಸವಿಯೇನೂ ಇಲ್ಲ; ಆದರೂ ಅಕ್ಷರಗಳ ರೂಪ ನೋಡಿದೊಡನೆ ಬಲ್ಲವರು ಇದು ಯಾವ ಕಾಲದ್ದೆಂದು ಹೇಳುತ್ತಾರೆ. ಕೋವಿಗೂ ಇಂಥದೇ ಒಂದು ಲಿಪಿಯಿದೆ. ಒಳಗಿನ ಮದ್ದಿಗೆ ಕಿಡಿ ಹೇಗೆ ತಲುಪುತ್ತದೆ ಎಂಬುದೇ ಆ ಲಿಪಿ.

ಮೊದಲು ಬಂದದ್ದು ಬತ್ತಿಯ ಕೋವಿ. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹಗ್ಗದ ತುದಿ ಸದಾ ಕೆಂಡವಾಗಿರುತ್ತದೆ. ಕುದುರೆ ಎಳೆದರೆ ಅದು ಬಟ್ಟಲಿನ ಮದ್ದಿಗೆ ಬಾಗುತ್ತದೆ. ಅನಂತರದ್ದು ಚಕಮಕಿ ಕೋವಿ. ಅಲ್ಲಿ ಕಲ್ಲು ಉಕ್ಕಿಗೆ ತಾಗಿ ಕಿಡಿ ಹಾರುತ್ತದೆ. ಮೂರನೆಯದು ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ ಕೇಪಿನ ಕೋವಿ. ಪುಟ್ಟ ತಾಮ್ರದ ಟೋಪಿಯೊಳಗೆ ಪೆಟ್ಟು ಬಿದ್ದರೆ ಸಿಡಿಯುವ ಪಾದರಸದ ಒಂದು ಸಂಯುಕ್ತವಿರುತ್ತದೆ. ಕೊನೆಗೆ ಕೇಪು, ಮದ್ದು, ಗುಂಡು ಮೂರೂ ಒಂದೇ ಕೊಳವೆಯಲ್ಲಿ ಸೇರಿದ ತೋಟಾ ಬಂತು. ಸಿನಿಮಾದಲ್ಲಿ ಕೋವಿಯನ್ನು ಹತ್ತಿರದಿಂದ ತೋರಿಸಿದಾಗ ಕುದುರೆಯ ಮೇಲ್ಭಾಗವನ್ನು ನೋಡಿ. ಸುತ್ತಿಗೆಯ ಬಾಯಲ್ಲಿ ಹಗ್ಗವಿದೆಯೇ, ಕಲ್ಲಿದೆಯೇ, ಬರಿದೇ ಇದೆಯೇ? ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಈಗ ಇಸವಿಗೆ ಬರೋಣ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಗುಂಡೇಟಿಗೆ ಬಿದ್ದದ್ದು 1824ರ ಅಕ್ಟೋಬರ್ 23ರಂದು. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಬ್ರಿಟಿಷ್ ಸೈನ್ಯ ಚಕಮಕಿ ಬಿಟ್ಟು ಕೇಪಿಗೆ ಬದಲಾದದ್ದು 1840ರ ಆಸುಪಾಸಿನಲ್ಲಿ. ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಹಾಗಾಗಿ ಚೆನ್ನಮ್ಮನ ಅಥವಾ ರಾಯಣ್ಣನ ಕಥೆಯಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬ ಸೊಂಟದಿಂದ ರಿವಾಲ್ವರ್ ಸೆಳೆದು ಪಟಪಟನೆ ಆರು ಗುಂಡು ಹಾರಿಸಿದರೆ ಅದು ತಪ್ಪು. ಆ ಆಯುಧ ಆಗಿನ್ನೂ ಹುಟ್ಟಿರಲಿಲ್ಲ.

“ಹೋಗಲಿ ಬಿಡಿ ಮೇಷ್ಟ್ರೇ, ಹತ್ತಿಪ್ಪತ್ತು ವರ್ಷ ಹಿಂದುಮುಂದಾದರೆ ಏನಾಯಿತು?” ಎನ್ನುವವರುಂಟು. ಆಗುವುದು ಸಣ್ಣ ನಷ್ಟವಲ್ಲ. ಚಕಮಕಿ ಕೋವಿಯಲ್ಲಿ ಪ್ರತಿ ಗುಂಡಿಗೂ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಸರಳಿನಿಂದ ಗಿಡಿಯಬೇಕು, ಬಟ್ಟಲಿಗೆ ಮದ್ದು ಇಡಬೇಕು, ಆಮೇಲೆ ಗುರಿ. ಚೆನ್ನಾಗಿ ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಹಾರಿಸಿದರೆ ಹೆಚ್ಚು, ಅಂದರೆ ಗುಂಡಿಗೊಂದು 20 ಸೆಕೆಂಡು. ನಮ್ಮ ಶಾಲೆಯ ಮೈದಾನದಲ್ಲಿ ಓಡುವ ಹುಡುಗ ಅಷ್ಟರಲ್ಲಿ ನೂರು ಮೀಟರ್ ದಾಟಿರುತ್ತಾನೆ. ಆ ಕೋವಿಯ ಗುರಿ ನಂಬಬಹುದಾದ ದೂರವೂ ಹೆಚ್ಚುಕಡಿಮೆ ಅಷ್ಟೇ! ಮಳೆ ಬಂದು ಬಟ್ಟಲಿನ ಮದ್ದು ನೆನೆದರೆ ಕೋವಿ ಬರೀ ದೊಣ್ಣೆ. ಹೀಗಿರುವಾಗ ಕತ್ತಿ ಹಿಡಿದವನು ಒಂದು ಸುತ್ತು ಗುಂಡು ಹಾರಿದೊಡನೆ ಮುನ್ನುಗ್ಗುವುದು ಹುಚ್ಚು ಧೈರ್ಯವಲ್ಲ, ಅದೊಂದು ಲೆಕ್ಕಾಚಾರ. ನಿರ್ದೇಶಕರು ಎದುರಾಳಿಯ ಕೈಗೆ ಎಡೆಬಿಡದೆ ಹಾರುವ ಬಂದೂಕು ಕೊಟ್ಟರೆ, ಕತ್ತಿ ಹಿಡಿದು ನುಗ್ಗಿದ ನಮ್ಮ ಹಿರಿಯರು ಬುದ್ಧಿಯಿಲ್ಲದವರಂತೆ ಕಾಣುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. 1961ರ ‘ಕಿತ್ತೂರು ಚೆನ್ನಮ್ಮ’ ಮತ್ತು 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಎರಡನ್ನೂ ಮಕ್ಕಳು ಗಡಿಯಾರ ಹಿಡಿದು ಇನ್ನೊಮ್ಮೆ ನೋಡಲಿ.

ಓಬವ್ವನ ಕಥೆಯನ್ನೇ ತೆಗೆದುಕೊಳ್ಳಿ. ಹೈದರನ ಸೈನಿಕರ ಬಳಿ ಕೋವಿಗಳಿದ್ದುವು, ಒನಕೆಯ ಮುಂದೆ ಅವರೇಕೆ ಸೋತರು ಎಂದು ಮಕ್ಕಳು ಕೇಳುತ್ತಾರೆ. ಚಿತ್ರದುರ್ಗಕ್ಕೆ ಹೋದಾಗ ಆ ಕಿಂಡಿಯ ಮುಂದೆ ಒಮ್ಮೆ ನಿಂತು ನೋಡಿ. ಆ ಕಾಲದ ಕಾಲಾಳಿನ ಕೋವಿ ಐದಡಿಯ ಹತ್ತಿರ ಉದ್ದ. ಕಿಂಡಿಯಲ್ಲಿ ಒಬ್ಬೊಬ್ಬನಾಗಿ ತೆವಳಿ ಬರುವವನಿಗೆ ಅದು ಹೊರೆಯೇ ಹೊರತು ಆಯುಧವಲ್ಲ. ಅದೇ ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ದೊಡ್ಡ ದೊಡ್ಡ ಬೀಸುಕಲ್ಲುಗಳಿವೆ. ಪ್ರವಾಸ ಹೋದ ಮಕ್ಕಳು ಅವನ್ನು ನೋಡದೆ ಬರಬಾರದು.

ಮದ್ದಿನ ಮಾತು ಬಂದಾಗ ಹೊಗೆಯನ್ನು ಮರೆಯುವಂತಿಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಘನ ಕಣಗಳಾಗಿ ಉಳಿಯುತ್ತದೆ. ಅದೇ ದಟ್ಟ ಬಿಳಿ ಹೊಗೆ. ನೂರು ಕೋವಿ ಒಟ್ಟಿಗೆ ಹಾರಿದರೆ ಎದುರಿನ ಶತ್ರುವೇ ಕಾಣುವುದಿಲ್ಲ. ಫ್ರಾನ್ಸಿನ ವಿಯೆಯ್ ಎಂಬ ರಸಾಯನಶಾಸ್ತ್ರಜ್ಞ 1884ರಲ್ಲಿ ಹೊಗೆ ಬಾರದ ಮದ್ದನ್ನು ತಯಾರಿಸಿದ. 1889ರಲ್ಲಿ ಬ್ರಿಟಿಷರು ಕಾರ್ಡೈಟ್ ಮಾಡಿಕೊಂಡರು. ಅದಕ್ಕೂ ಹಿಂದಿನ ಯುದ್ಧವನ್ನು ಹೊಗೆಯಿಲ್ಲದೆ ತೋರಿಸಿದರೆ ಅನುಮಾನಪಡಿ.

ಇನ್ನು ಹುಡುಗರ ‘ಕೆ.ಜಿ.ಎಫ್.’ಗೆ ಬರೋಣ. ಅದು ಕಲ್ಪನೆಯ ಕಥೆ. ಆದರೆ 1951ರಲ್ಲಿ ಹುಟ್ಟಿದ ನಾಯಕ, 1981ರವರೆಗಿನ ಘಟನೆಗಳು ಎಂದು ಇಸವಿ ಕೊಟ್ಟಿದ್ದಾರೆ. ಇಸವಿ ಕೊಟ್ಟ ಮೇಲೆ ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಎರಡನೆಯ ಭಾಗದಲ್ಲಿ ಕಲಾಶ್ನಿಕೋವ್ ಬರುತ್ತದೆ. ಸೋವಿಯತ್ ಸೈನ್ಯ ಅದನ್ನು ಒಪ್ಪಿಕೊಂಡದ್ದು 1949ರಲ್ಲಿ. ಹಾಗಾಗಿ ಹುಟ್ಟಿನ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಇರುವುದು ಬೇರೆ, ಇಲ್ಲಿಗೆ ತಲುಪುವುದು ಬೇರೆ. ಆ ಕಾಲದ ಕೋಲಾರಕ್ಕೆ ಅದು ಬಂದದ್ದು ಹೇಗೆಂದು ಕಥೆಯೇ ಹೇಳಬೇಕು. ಕಳ್ಳಸಾಗಣೆಯ ದಾರಿ ತೋರಿಸಿ ಹೇಳಿದ್ದಾರೆ ಕೂಡ. ಪರದೇಶದ ಆಯುಧ ಕಂಡ ಕೂಡಲೇ ಸುಳ್ಳೆನ್ನಬಾರದು. 1948ರ ಜನವರಿ 30ರಂದು ಗಾಂಧೀಜಿಯ ಮೇಲೆ ಹಾರಿದ್ದು ಇಟಲಿಯ ಬೆರೆಟ್ಟಾ ಪಿಸ್ತೂಲಿನ ಗುಂಡು, ಅದು 1934ರ ಮಾದರಿಯದು.

ಹೊಸದು ಬಂದಾಕ್ಷಣ ಹಳೆಯದು ಮಾಯವಾಗುವುದೂ ಇಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ‘ತ್ರೀ ನಾಟ್ ತ್ರೀ’ ರೈಫಲ್ಲನ್ನು ಉತ್ತರ ಪ್ರದೇಶದ ಪೊಲೀಸರು ಬೀಳ್ಕೊಟ್ಟದ್ದು 2020ರಲ್ಲಿ! ಆದ್ದರಿಂದ 1978ರ ಪೇದೆಯ ಹೆಗಲಲ್ಲಿ ಅದಿದ್ದರೆ ಸರಿಯೇ. ಅವನ ಕೈಯಲ್ಲಿ ಬಾಗಿದ ಪ್ಲಾಸ್ಟಿಕ್ ತೋಟಾಪೆಟ್ಟಿಗೆಯ ‘ಇನ್ಸಾಸ್’ ಕಂಡರೆ ಅದು ತಪ್ಪು, ಅದು ಸೇನೆಗೆ ಬಂದದ್ದೇ 1990ರ ದಶಕದಲ್ಲಿ. ಅಂದರೆ ಹಳೆಯ ಕೋವಿ ಹೊಸ ಕಾಲದಲ್ಲಿ ಇರಬಹುದು, ಹೊಸ ಕೋವಿ ಹಳೆಯ ಕಾಲದಲ್ಲಿ ಇರಲಾರದು.

‘ದೊಡ್ಡಮ್ಮ’ನ ಕೆಂಪಾದ ನಳಿಗೆಯಿಂದ ನಾಯಕ ಸಿಗರೇಟು ಹಚ್ಚಿಕೊಳ್ಳುವುದು ಹುಡುಗರ ಮೆಚ್ಚಿನ ದೃಶ್ಯ. (ಸಿಗರೇಟನ್ನು ಅಲ್ಲಿಗೇ ಬಿಡಿ, ವಿಜ್ಞಾನ ಮಾತ್ರ ತೆಗೆದುಕೊಳ್ಳಿ.) ಉಕ್ಕು ಮಂದ ಕೆಂಪಾಗಿ ಕಾಣಲು ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಬೇಕು. ನೂರಾರು ಗುಂಡುಗಳನ್ನು ಬಿಡುವಿಲ್ಲದೆ ಹಾರಿಸಿದ ಮೆಷಿನ್ ಗನ್ ಆ ಶಾಖ ಮುಟ್ಟುವುದು ನಿಜ. ಆದರೆ ಹಾಗೆ ಕಾದ ನಳಿಗೆ ಬಹುಬೇಗ ಸವೆಯುತ್ತದೆ, ಗುಂಡು ದಿಕ್ಕುತಪ್ಪುತ್ತದೆ, ಕುದುರೆ ಎಳೆಯದಿದ್ದರೂ ಒಳಗಿನ ತೋಟಾ ತಾನೇ ಸಿಡಿಯಬಹುದು. ಮೊದಲ ಮಹಾಯುದ್ಧದ ವಿಕರ್ಸ್ ಗನ್ನಿನ ನಳಿಗೆಯ ಸುತ್ತ ಸುಮಾರು 4 ಲೀಟರ್ ನೀರು ತುಂಬುತ್ತಿದ್ದುದು ಇದಕ್ಕಾಗಿಯೇ. ಮುಂದಿನ ಕಾಲದ ಗನ್ನುಗಳಿಗೆ ಬದಲಿ ನಳಿಗೆ ಇಟ್ಟುಕೊಂಡಿರುತ್ತಿದ್ದರು.

ಚಿತ್ರ ತಯಾರಿಸುವವರ ಕಷ್ಟವೂ ಇದೆ. ನಿಜವಾದ ಹಳೆಯ ಕೋವಿಗಳು ವಸ್ತುಸಂಗ್ರಹಾಲಯದ ಗಾಜಿನೊಳಗಿವೆ, ಆಯುಧ ಕಾಯಿದೆ ಬಿಗಿಯಾಗಿದೆ. ಬಾಡಿಗೆಗೆ ಸಿಗುವ ಮರ, ರಬ್ಬರಿನ ಕೋವಿಗಳಲ್ಲೇ ಕೆಲಸ ಸಾಗಬೇಕು. ದೂರದ ದೃಶ್ಯದಲ್ಲಿ ಹಿಡಿಯ ಆಕಾರ ತುಸು ಬೇರೆಯಾದರೆ ನಾನು ಅಂಕ ಕಳೆಯುವುದಿಲ್ಲ. ಎರಡು ಗುಂಡಿನ ನಡುವೆ ಎಷ್ಟು ಸೆಕೆಂಡು ಎಂಬುದಕ್ಕೆ ಮಾತ್ರ ಬಾಡಿಗೆಯೂ ಬೇಡ, ಪರವಾನಗಿಯೂ ಬೇಡ.