ರೆಸ್ಯೂಮೆಯಲ್ಲಿಲ್ಲದ ಕೆಲಸ

ನನ್ನ ರೆಸ್ಯೂಮೆಯ ಪ್ರಕಾರ ನಾನು ದುಡಿಯಲು ಶುರು ಮಾಡಿದ್ದು 2010ರಲ್ಲಿ, ಎಂಸಿಎ ಮುಗಿದ ಮೇಲೆ. ಅದಕ್ಕೂ ಮೊದಲು ಮನೆಮನೆಗೆ ಪೇಪರ್ ಹಾಕಿದ್ದು, ಮದುವೆಗಳಲ್ಲಿ ಊಟ ಬಡಿಸಿದ್ದು, ಎಸ್‌ಟಿಡಿ ಬೂತ್ ಕಾಯ್ದದ್ದು ಯಾವುದೂ ಅದರಲ್ಲಿಲ್ಲ.

ಬೂತ್ ಇದ್ದದ್ದು ಗದಗದ ಬಸ್ ಸ್ಟ್ಯಾಂಡ್ ಹತ್ತಿರ. 2004ರ ಬೇಸಿಗೆ, ಪಿಯುಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಸಂಬಳ ತಿಂಗಳಿಗೆ 600 ರೂಪಾಯಿ. ನಂಬರ್ ಹಚ್ಚಿಕೊಡುವುದು, ಬಿಲ್ ಹರಿದು ಕೊಡುವುದು, ಚಿಲ್ಲರೆ ಎಣಿಸುವುದು, ಇಷ್ಟೇ ಕೆಲಸ. ಗಾಜಿನ ಬಾಗಿಲು ಹಾಕಿಕೊಂಡರೂ ಒಳಗಿನ ಮಾತೆಲ್ಲ ಕೇಳುತ್ತಿತ್ತು. ಮಾತಾಡುವವರ ಕಣ್ಣು ಮಾತ್ರ ಮೀಟರಿನ ಕೆಂಪು ಅಂಕಿಗಳ ಮೇಲೆ.

ಪ್ರತಿ ಭಾನುವಾರ ಹಳ್ಳಿಯಿಂದ ಒಬ್ಬ ಅವ್ವ ಬರುತ್ತಿದ್ದಳು. ಮಗ ಮುಂಬೈಯ ಹೋಟೆಲೊಂದರಲ್ಲಿ ಸಪ್ಲೈಯರ್. ಒಮ್ಮೆ ರಿಸೀವರ್ ನನ್ನ ಕೈಗಿಟ್ಟು, “ಹಿಂದಿ ಮಾತಾಡಾಕತ್ತಾರ, ನೀನ ಕೇಳಪಾ ತಮ್ಮಾ” ಅಂದಳು. ಹುಡುಗ ಸೋಮವಾರವೇ ಕೆಲಸ ಬಿಟ್ಟ, ಎಲ್ಲಿಗೆ ಹೋದನೋ ಗೊತ್ತಿಲ್ಲ ಎಂದಿತು ಆ ಕಡೆಯ ದನಿ.

“ಸಾಮಾನ ತರಾಕ ಹೋಗ್ಯಾನಂತ್ರೀ” ಅಂದುಬಿಟ್ಟೆ. ಅವಳು ಸಮಾಧಾನದಿಂದ ದುಡ್ಡು ಕೊಟ್ಟು ಹೋದಳು. ಮುಂದಿನ ಭಾನುವಾರ ನಿಜ ಹೇಳಬೇಕೆಂದು ಕಾದೆ. ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಮಗನೇ ಊರಿಗೆ ಬಂದಿರಬೇಕು ಅಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ಇಂದು ಪುಣೆಯಲ್ಲಿ ಸಪೋರ್ಟ್ ಟೀಮ್ ನೋಡಿಕೊಳ್ಳುತ್ತೇನೆ. ಸರ್ವರ್ ಕೈಕೊಟ್ಟಾಗ ಹೊಸ ಹುಡುಗರು, ಕ್ಲೈಂಟಿಗೆ ಏನು ಹೇಳೋಣ ಎಂದು ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ, ಈಗಲೇ ಹೇಳಿ ಅನ್ನುತ್ತೇನೆ. ಅದನ್ನು ನಾನು ಕಲಿತದ್ದು ಆ ಬೂತಿನಲ್ಲಿ, ಒಂದು ವಾರ ತಡವಾಗಿ.