ಮೊದಲು ಕೆಂಡ, ಕೊನೆಗೆ ಬೆಲ್ಲ

ಮಳೆಗಾಲದ ಸಂಜೆ ಸಿಂಹಾಚಲಂ ಬೆಟ್ಟ ಇಳಿದು ವಿಶಾಖಪಟ್ಟಣದ ರಾಮಕೃಷ್ಣ ಬೀಚಿಗೆ ಬಂದರೆ ಇದ್ದಿಲ ಒಲೆಗಳ ಮೇಲೆ ಮುಸುಕಿನ ಜೋಳ ಚಟಪಟ ಅನ್ನುತ್ತಿರುತ್ತದೆ. ನಮ್ಮ ನಂದಿಬೆಟ್ಟದ ದಾರಿಯಲ್ಲಿ ಸಿಗುವುದೂ ಇದೇ: ಸುಟ್ಟ ತೆನೆ, ಉಪ್ಪು, ಕಾರದಪುಡಿ, ಮೇಲೆ ಉಜ್ಜಲು ನಿಂಬೆಹೋಳು. ಇದಕ್ಕೆ ಸಿಹಿಯನ್ನೂ ಸೇರಿಸಬೇಕೆಂದರೆ ಆ ಊರಿನವರು ದೂರ ಹೋಗಬೇಕಿಲ್ಲ. ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಒಂದಾದ ಅನಕಾಪಲ್ಲಿ ಪಕ್ಕದಲ್ಲೇ ಇದೆ. ಕಾರಕ್ಕೆ ಗುಂಟೂರು ಮೆಣಸಿನಕಾಯಿ ಅದೇ ರಾಜ್ಯದ್ದು. ಇನ್ನು ಗೊತ್ತಿರಬೇಕಾದದ್ದು ಯಾವುದನ್ನು ಯಾವಾಗ ಹಾಕಬೇಕು ಅನ್ನುವುದು ಮಾತ್ರ.

ಮೊದಲು ತೆನೆಯ ಆಯ್ಕೆ. ಮುಸುಕು ಹಸಿರಾಗಿ ಬಿಗಿಯಾಗಿರಬೇಕು, ತುದಿಯ ಕೂದಲು ಕಂದು ಬಣ್ಣಕ್ಕೆ ತಿರುಗಿರಬೇಕು. ಒಂದು ಕಾಳಿಗೆ ಉಗುರು ಒತ್ತಿ ನೋಡಿ. ಹಾಲು ಚಿಮ್ಮಿದರೆ ಹದ. ತಿಳಿನೀರು ಬಂದರೆ ಎಳಸು. ಉಗುರೇ ಇಳಿಯದಿದ್ದರೆ ಅದು ಹಿಟ್ಟಿನ ಗಿರಣಿಗೆ ಹೋಗಬೇಕಾದ ಜೋಳ. ಎಷ್ಟು ಸುಟ್ಟರೂ ಹಲ್ಲಿಗೆ ಕೆಲಸ. ತೆನೆ ಮುರಿದ ಗಳಿಗೆಯಿಂದಲೇ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ಅದಕ್ಕೇ ತಂದ ದಿನವೇ ಸುಡುವುದು ಒಳ್ಳೆಯದು. ಆಗದಿದ್ದರೆ ಮುಸುಕು ಬಿಡಿಸದೆ ಫ್ರಿಜ್ಜಿನಲ್ಲಿಡಿ. ಸ್ವೀಟ್ ಕಾರ್ನ್ ತಳಿಗಳಲ್ಲಿ ಈ ಬದಲಾವಣೆ ನಿಧಾನ, ಅವುಗಳ ಸಿಹಿಯ ಗುಟ್ಟು ಅಷ್ಟೇ. ಆದರೆ ಅವುಗಳಲ್ಲಿ ನೀರಿನಂಶ ಹೆಚ್ಚು, ಕೆಂಡದ ಮೇಲೆ ಬೇಗ ಸುಕ್ಕಾಗುತ್ತವೆ. ಬೇಯಿಸಲು ಅದು ಸರಿ, ಸುಡಲು ನನ್ನ ಓಟು ನಾಟಿ ಜೋಳಕ್ಕೆ.

ಸುಡುವುದಕ್ಕೆ ಉರಿ ಬೇಡ, ಕೆಂಡ ಬೇಕು. ಉರಿಯಲ್ಲಿ ಮೇಲಿನ ಸಿಪ್ಪೆ ಕರಕಾಗುವಷ್ಟರಲ್ಲಿ ಒಳಗೆ ಹಸಿಯೇ ಉಳಿಯುತ್ತದೆ, ಜೊತೆಗೆ ಮಸಿ ವಾಸನೆ. ಬೀದಿಯವರು ಬೀಸಣಿಗೆ ಬೀಸುತ್ತಾ ಕೂರುವುದು ಇದ್ದಿಲಿನ ಮೇಲಿನ ಬೂದಿ ಹಾರಿ ಕಾವು ಒಂದೇ ಸಮ ಇರಲೆಂದು. ತೆನೆ ತಿರುಗಿಸುತ್ತಲೇ ಇರಬೇಕು. ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು, ಕಾಳೊಳಗಿನ ನೀರು ಆವಿಯಾಗಿ ಒಂದೆರಡು ಕಾಳು ಸಿಡಿದರೆ ಬೆಂದಿತು ಎಂದೇ ಲೆಕ್ಕ. ಮನೆಯಲ್ಲಿ ಗ್ಯಾಸ್ ಒಲೆ ಮಾತ್ರ ಇದ್ದರೆ ನಾಟಿ ತೆನೆಯನ್ನು ಕುಕ್ಕರಿನಲ್ಲಿ ಎರಡು ವಿಷಲ್ ಕೂಗಿಸಿ, ಸ್ವೀಟ್ ಕಾರ್ನ್ ಆದರೆ ಕುದಿಯುವ ನೀರಿನಲ್ಲಿ 5 ನಿಮಿಷ ಬಿಡಿ. ಬಟ್ಟೆಯಿಂದ ಒರೆಸಿ, ಆಮೇಲೆ ಜಾಲರಿಯ ಮೇಲಿಟ್ಟು ಸುಡಿ.

ಈಗ ಪಾಕ. ನಾಲ್ಕು ತೆನೆಗೆ 2 ದೊಡ್ಡ ಚಮಚ ಬೆಲ್ಲದ ಪುಡಿ, 1 ಚಮಚ ನೀರು. ಕರಗಿದ ಮೇಲೆ ಸೋಸಿ. ಬೆಲ್ಲದಲ್ಲಿ ಮರಳು ಇರುವುದು ಹೊಸದೇನಲ್ಲ. ನಾಲ್ಕು ಹನಿ ನಿಂಬೆರಸ ಬಿಟ್ಟು ಮತ್ತೆ ಕುದಿಸಿ. ಹುಳಿ ಇದ್ದರೆ ಪಾಕ ಹರಳುಗಟ್ಟುವುದಿಲ್ಲ. ಎಳೆ ಬರುವವರೆಗೆ ಕಾಯಬೇಡಿ, ಬೆರಳಿಗೆ ಅಂಟಿದರೆ ಸಾಕು. ಎಳೆ ಪಾಕ ತೆನೆಯ ಮೇಲೆ ಆರಿದಾಗ ಗಟ್ಟಿಯಾಗುತ್ತದೆ. ಒಲೆಯಿಂದ ಇಳಿಸಿ 1 ದೊಡ್ಡ ಚಮಚ ತುಪ್ಪ, ಅದರಲ್ಲೇ ಕಾರದಪುಡಿ, ಉಪ್ಪು. ಮೆಣಸಿನ ಖಾರ ಜಿಡ್ಡಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ತುಪ್ಪವಿಲ್ಲದಿದ್ದರೆ ಒಂದು ಕಾಳು ಸಪ್ಪೆ, ಪಕ್ಕದ ಕಾಳು ಬೆಂಕಿ. ಕಾಯುವ ತುಪ್ಪಕ್ಕೆ ನೇರ ಪುಡಿ ಸುರಿದರಂತೂ ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾರೆ. ಗುಂಟೂರಿನದು ಖಾರ, ನಮ್ಮ ಬ್ಯಾಡಗಿಯದು ಬಣ್ಣ. ಅರ್ಧ ಚಿಕ್ಕ ಚಮಚ ಅದು, ಒಂದು ಚಿಕ್ಕ ಚಮಚ ಇದು ಬೆರೆಸಿದರೆ ತೆನೆ ಕೆಂಪಾಗಿಯೂ ಇರುತ್ತದೆ, ತಿನ್ನಲೂ ಆಗುತ್ತದೆ.

ಈ ಪಾಕವನ್ನು ಹಸಿ ತೆನೆಗೆ ಸವರಿ ಕೆಂಡಕ್ಕಿಟ್ಟರೆ ಎಲ್ಲ ಕೆಟ್ಟಿತು. ಸಕ್ಕರೆ ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಂದಾಗಿ, ಇನ್ನೂ ಕಾದರೆ ಕಹಿಯಾಗುತ್ತದೆ. ಬೇರೆ ಅಂಶಗಳೂ ಸೇರಿರುವ ಬೆಲ್ಲ ಇನ್ನೂ ಬೇಗ ಸೀಯುತ್ತದೆ. ಕೆಂಡದ ಕಾವೋ ಅದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ತೆನೆ ಪೂರ್ತಿ ಸುಟ್ಟ ಮೇಲೆಯೇ ಪಾಕ ಸವರಿ, ಕೆಂಡದಿಂದ ಒಂದು ಗೇಣು ಮೇಲೆ ಹಿಡಿದು ಅರ್ಧ ನಿಮಿಷ ತಿರುಗಿಸಿ. ಗುಳ್ಳೆ ಎದ್ದು ಹೊಳಪು ಬಂದ ಕೂಡಲೇ ತೆಗೆಯಿರಿ. ನಿಂಬೆಹೋಳು ಉಜ್ಜುವುದು ತಟ್ಟೆಗೆ ಬಂದ ಮೇಲೆ. ಸಿಹಿ ಮುಂದಾಯಿತು ಅನ್ನಿಸಿದರೆ ಇನ್ನೊಂದು ಸಲ ಉಜ್ಜಿ.

ಪಾಕ ಉಳಿದರೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಮರುದಿನ ಕೊಂಚ ಬಿಸಿಮಾಡಿ ಹುರಿದ ಶೇಂಗಾಕ್ಕೆ ಕಲಸಬಹುದು.