ಮನೆಬಾಗಿಲಿಗೆ ಬಂದ ಬ್ಯಾಂಕು

ನಮ್ಮ ವಿಶಾಖಪಟ್ಟಣಕ್ಕೆ ಸಮೀಪದ ಭೀಮುನಿಪಟ್ಟಣವು ಮೀನುಗಾರರ ಊರು. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಜಾರಿಯಾದಾಗ ಇಂತಹ ಊರುಗಳ ಮುಂದೆ ಒಂದು ಪ್ರಶ್ನೆ ಎದ್ದಿತು: ಬ್ಯಾಂಕಿಗೆ ಹೋಗಲಾರದವರ ಕೈಗೆ ಹಣ ತಲುಪುವುದು ಹೇಗೆ?

ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗೆ ಕೇಂದ್ರ ಸರ್ಕಾರವು ಮಹಿಳೆಯರ ಜನಧನ ಖಾತೆಗಳಿಗೆ ತಿಂಗಳಿಗೆ 500 ರೂಪಾಯಿ ಜಮಾ ಮಾಡಿತು. ಆದರೆ ಖಾತೆಗೆ ಬಂದ ಹಣವೆಲ್ಲ ಕೈಗೆ ಬಂದಂತಲ್ಲ. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದವರು ಬ್ಯಾಂಕ್ ಮಿತ್ರರು ಮತ್ತು ಅಂಚೆಯಣ್ಣಂದಿರು. ಆಧಾರ್ ಸಂಖ್ಯೆ ತಿಳಿಸಿ, ಅವರು ತರುವ ಪುಟ್ಟ ಯಂತ್ರದ ಮೇಲೆ ಬೆರಳೊತ್ತಿದರೆ ನಗದು ಅಲ್ಲಿಯೇ ದೊರೆಯುತ್ತದೆ. ಈ ಸೌಲಭ್ಯ ಇಂದಿಗೂ ಮುಂದುವರಿದಿದೆ.

ಕನ್ನಡಿಗರಾದ ನಮಗೆ ಈ ಕ್ರಮ ಅಪರಿಚಿತವಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿಯೇ ಪಿಗ್ಮಿ ಠೇವಣಿ ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆಮನೆಯಿಂದ ಸಂಗ್ರಹಿಸಿತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ನಮ್ಮ ಕಾರ್ಪೊರೇಷನ್ ಬ್ಯಾಂಕೂ ಇಲ್ಲಿನವರ ಆಂಧ್ರ ಬ್ಯಾಂಕೂ ಯೂನಿಯನ್ ಬ್ಯಾಂಕಿನಲ್ಲಿ ಒಂದಾದವು.

ಹೊಸ ಸೌಲಭ್ಯದಲ್ಲಿ ತೊಡಕುಗಳೂ ಉಂಟು. ಬಲೆ ಎಳೆದು, ಕುಡುಗೋಲು ಹಿಡಿದು ಸವೆದ ಬೆರಳನ್ನು ಯಂತ್ರವು ಕೆಲವೊಮ್ಮೆ ಗುರುತಿಸದು. ಓದುಬರಹ ಬಾರದವರು ಎಷ್ಟು ಹಣಕ್ಕೆ ಬೆರಳೊತ್ತಿದೆವೆಂದು ಅರಿಯದೆ ಮೋಸ ಹೋಗುವುದೂ ಉಂಟು.

ಆದ್ದರಿಂದ ಊರಿಗೆ ಹೋದಾಗ ನಾವು ನಮ್ಮ ಹಿರಿಯರ ಖಾತೆಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿದೆಯೇ ಎಂದು ನೋಡೋಣ. ಪ್ರತಿ ಬಾರಿಯೂ ರಸೀದಿ ಕೇಳಿ ಪಡೆಯುವಂತೆ ತಿಳಿಹೇಳೋಣ. ಬ್ಯಾಂಕು ಬಾಗಿಲಿಗೆ ಬಂದರಷ್ಟೇ ಸಾಲದು, ಬಾಗಿಲು ತೆರೆದವರಿಗೆ ಲೆಕ್ಕವೂ ತಿಳಿದಿರಬೇಕು.